ಮುಂದಾಳಿಲ್ಲದೆ ಮೊದಲಾದ ಕ್ರಾಂತಿ

ನೇವಾ ನದಿಯು ದಡದಿಂದ ದಡಕ್ಕೆ ಹೆಪ್ಪುಗಟ್ಟಿ ನಿಂತಿದ್ದ ಚಳಿಗಾಲದಲ್ಲಿ, ಸೂರ್ಯೋದಯಕ್ಕೆ ಇನ್ನೂ ಬಹಳ ಹೊತ್ತಿರುವಾಗಲೇ, ರಷ್ಯದ ರಾಜಧಾನಿಯಾದ ಪೆಟ್ರೊಗ್ರಾಡಿನ ರೊಟ್ಟಿಯಂಗಡಿಗಳ ಮುಚ್ಚಿದ ಬಾಗಿಲುಗಳೆದುರು ಹೆಂಗಸರು ಒಬ್ಬರ ಹಿಂದೊಬ್ಬರಾಗಿ ಬಂದು ನಿಲ್ಲುತ್ತಿದ್ದರು. ರಾತ್ರಿಯ ಪಾಳಿಯನ್ನು ಮುಗಿಸಿ ಗಿರಣಿಯಿಂದ ನೇರವಾಗಿ ಬಂದವರು, ಮಲಗಿದ್ದ ಮಕ್ಕಳನ್ನು ನೆರೆಯವರ ವಶಕ್ಕೆ ಬಿಟ್ಟು ಬಂದವರು, ಗಂಡನನ್ನೋ ಮಗನನ್ನೋ ಯುದ್ಧಭೂಮಿಗೆ ಕಳುಹಿಸಿ ಎರಡೂವರೆ ವರ್ಷಗಳಿಂದ ಅವರ ಕಾಗದಕ್ಕಾಗಿ ಕಾಯುತ್ತಿದ್ದವರು, ಎಲ್ಲರೂ ಆ ಸಾಲಿನಲ್ಲಿ ಗಂಟೆಗಟ್ಟಲೆ ನಿಂತು, ಕೊನೆಗೆ ಬಾಗಿಲು ತೆರೆದಾಗ ರೊಟ್ಟಿ ತೀರಿತೆಂಬ ಮಾತನ್ನು ಕೇಳಿ ಬರಿಗೈಯಲ್ಲಿ ಹಿಂದಿರುಗುವುದು ನಿತ್ಯದ ಸಂಗತಿಯಾಗಿದ್ದಿತು.

1917ರ ಫೆಬ್ರವರಿ 23, ಗುರುವಾರ, ಅಂತರರಾಷ್ಟ್ರೀಯ ಮಹಿಳಾ ದಿನ. (ರಷ್ಯದಲ್ಲಿ ಅಂದು ಬಳಕೆಯಲ್ಲಿದ್ದ ಪಂಚಾಂಗವು ನಮ್ಮದಕ್ಕಿಂತ 13 ದಿನ ಹಿಂದಿದ್ದಿತಾದುದರಿಂದ ನಮ್ಮ ಲೆಕ್ಕಕ್ಕೆ ಅದು ಮಾರ್ಚ್ 8, ಈ ಲೇಖನದಲ್ಲಿ ಬರುವ ರಷ್ಯದ ತಾರೀಖುಗಳೆಲ್ಲ ಆ ಹಳೆಯ ಲೆಕ್ಕದವೇ.) ಅಂದು ಬೆಳಗ್ಗೆ ನಗರದ ಉತ್ತರ ಭಾಗವಾದ ವೀಬೋರ್ಗ್ ಪ್ರದೇಶದ ನೂಲಿನ ಗಿರಣಿಗಳ ಹೆಂಗಸರು ಯಂತ್ರಗಳನ್ನು ನಿಲ್ಲಿಸಿ ಬೀದಿಗಿಳಿದರು, ನೆರೆಯ ಲೋಹದ ಕಾರ್ಖಾನೆಗಳ ಮುಂದೆ ನಿಂತು, ಕಿಟಕಿಗಳಿಗೆ ಹಿಮದ ಉಂಡೆಗಳನ್ನು ಎಸೆದು, ಒಳಗಿದ್ದ ಗಂಡಸರನ್ನು ಹೊರಕ್ಕೆ ಕರೆದರು. ಸಂಜೆಯ ಹೊತ್ತಿಗೆ ಸುಮಾರು 90,000 ಮಂದಿ ಕೆಲಸ ಬಿಟ್ಟಿದ್ದರು. ಇದಾದ ಒಂದು ವಾರಕ್ಕೆ ಚಕ್ರವರ್ತಿ ಎರಡನೆಯ ನಿಕೊಲಸನು ಸಿಂಹಾಸನವನ್ನು ತ್ಯಜಿಸಿದನು. 1613ರಿಂದ ಆಳುತ್ತಿದ್ದ ರೊಮಾನೊವ್ ವಂಶದ ಪ್ರಭುತ್ವ ಅಲ್ಲಿಗೆ ಕೊನೆಗೊಂಡಿತು.

ಈ ಹೆಂಗಸರನ್ನು ಬೀದಿಗೆ ಕರೆದವರು ಯಾರು? ಯಾವ ಪಕ್ಷವೂ ಕರೆಯಲಿಲ್ಲ. ವೀಬೋರ್ಗ್ ಪ್ರದೇಶದ ಕಾರ್ಮಿಕನೂ ಲೆನಿನ್ನನ ಬೊಲ್ಷೆವಿಕ್ ಪಕ್ಷದವನೂ ಆದ ಕಯೂರೊವ್ ಎಂಬಾತನು ಹಿಂದಿನ ರಾತ್ರಿಯೇ ಹೆಂಗಸರ ಸಭೆಯೊಂದಕ್ಕೆ ಹೋಗಿ, ಇದು ಸಮಯವಲ್ಲ, ಪಕ್ಷದ ಆದೇಶ ಬರುವವರೆಗೆ ತಾಳಿರಿ ಎಂದು ಬೋಧಿಸಿ ಬಂದಿದ್ದನು. ಮರುದಿನ ಬೆಳಗ್ಗೆ ಅವರು ಮುಷ್ಕರ ಹೂಡಿದ ಸುದ್ದಿಯನ್ನು ಕೇಳಿ ತನಗೆ ಕೋಪವೇ ಬಂದಿತೆಂಬುದನ್ನು ಅವನು ತನ್ನ ಸ್ಮರಣೆಗಳಲ್ಲಿ ಪ್ರಾಮಾಣಿಕವಾಗಿ ಬರೆದಿಟ್ಟಿದ್ದಾನೆ.

ನಾಯಕರು ಎಲ್ಲಿದ್ದರು?

ರಷ್ಯದ ಕ್ರಾಂತಿ ಎಂದೊಡನೆ ನಮ್ಮ ಕಣ್ಣಮುಂದೆ ಬರುವುದು ಲೆನಿನ್ನನ ಮೂರ್ತಿ. ಆದರೆ ಫೆಬ್ರವರಿಯಲ್ಲಿ ಲೆನಿನ್ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದಲ್ಲಿದ್ದನು. ಆ ವರ್ಷದ ಜನವರಿಯಲ್ಲಿ ಅಲ್ಲಿಯ ಯುವಕಾರ್ಮಿಕರ ಮುಂದೆ ಭಾಷಣ ಮಾಡುತ್ತ, ಬರಲಿರುವ ಕ್ರಾಂತಿಯ ನಿರ್ಣಾಯಕ ಹೋರಾಟಗಳನ್ನು ಕಾಣಲು ತನ್ನ ತಲೆಮಾರಿನ ಹಿರಿಯರು ಬದುಕಿರಲಿಕ್ಕಿಲ್ಲವೆಂಬ ಅರ್ಥದ ಮಾತನ್ನೂ ಆಡಿದ್ದನು. ಟ್ರಾಟ್ಸ್ಕಿ ನ್ಯೂಯಾರ್ಕಿನಲ್ಲಿದ್ದನು. ಮೆನ್ಷೆವಿಕ್ ಪಂಥದ ಮಾರ್ತೊವ್ ಸ್ವಿಟ್ಜರ್ಲೆಂಡಿನಲ್ಲಿಯೂ, ತ್ಸೆರೆತೆಲಿ ಮತ್ತು ಸ್ಟಾಲಿನ್ ಸೈಬೀರಿಯದ ಗಡೀಪಾರಿನಲ್ಲಿಯೂ ದಿನ ಕಳೆಯುತ್ತಿದ್ದರು. ರಾಜಧಾನಿಯಲ್ಲಿ ಉಳಿದಿದ್ದ ಕಾರ್ಮಿಕ ಮುಖಂಡರಲ್ಲಿ ಹಲವರು ಜನವರಿಯ ಕೊನೆಯಲ್ಲಿ ಸೆರೆಮನೆ ಸೇರಿದ್ದರು. ಬೊಲ್ಷೆವಿಕರ ನಗರ ಸಮಿತಿಯ ಸದಸ್ಯರನ್ನು, ಬೀದಿಗಳಲ್ಲಿ ಚಳವಳಿ ಏರುತ್ತಿದ್ದ ಫೆಬ್ರವರಿ 25ರ ರಾತ್ರಿಯೇ ಪೋಲೀಸರು ಹಿಡಿದೊಯ್ದರು.

ಹಿಡಿಯದೆ ಉಳಿದವರಾದರೂ ನಡೆಯುತ್ತಿದ್ದುದನ್ನು ಕ್ರಾಂತಿಯೆಂದು ನಂಬಲಿಲ್ಲ. ಪಕ್ಷದ ಹಿರಿಯ ಸಂಘಟಕನಾಗಿದ್ದ ಶ್ಲ್ಯಾಪ್ನಿಕೊವ್, ಕಾರ್ಮಿಕರಿಗೆ ರೊಟ್ಟಿ ಸಿಕ್ಕಿದರೆ ಈ ಗದ್ದಲ ತಾನೇ ಅಡಗುವುದೆಂದು ಭಾವಿಸಿದ್ದನು. ಸುಖಾನೊವ್ ಎಂಬ ಸಮಾಜವಾದಿ ಲೇಖಕನು ಬರೆದ ಒಂದು ಪ್ರಸಂಗವು ಇದಕ್ಕಿಂತಲೂ ಬೋಧಪ್ರದವಾದುದು: ಫೆಬ್ರವರಿ 21ರಂದು ಅವನು ತನ್ನ ಕಚೇರಿಯಲ್ಲಿ ಕುಳಿತಿರುವಾಗ, ಅಡ್ಡಗೋಡೆಯ ಆಚೆ ಬೆರಳಚ್ಚಿನ ಇಬ್ಬರು ಹುಡುಗಿಯರು ಆಹಾರದ ಕಷ್ಟವನ್ನೂ ಸಾಲುಗಳಲ್ಲಿಯ ಜಗಳಗಳನ್ನೂ ಕುರಿತು ಮಾತನಾಡುತ್ತ, ಇದು ಕ್ರಾಂತಿಯ ಆರಂಭವೆಂದೇ ತೋರುತ್ತದೆ ಎಂದುದು ಅವನ ಕಿವಿಗೆ ಬಿದ್ದಿತು. ರಾಜಕೀಯವನ್ನೇ ಉಸಿರಾಡುತ್ತಿದ್ದ ಸುಖಾನೊವ್, ಈ ಹುಡುಗಿಯರಿಗೆ ಕ್ರಾಂತಿಯೆಂದರೆ ಏನು ಗೊತ್ತು ಎಂದುಕೊಂಡನು. ಎರಡು ದಿನಗಳಲ್ಲಿ ಹುಡುಗಿಯರ ಮಾತೇ ನಿಜವಾಯಿತು.

ಅಚ್ಚರಿಯ ಸಂಗತಿಯೆಂದರೆ, ಗುಪ್ತ ಪೋಲೀಸಿನವರಿಗೆ ಈ ವಿಷಯದಲ್ಲಿ ಪಕ್ಷಗಳವರಿಗಿಂತ ಹೆಚ್ಚಿನ ಅರಿವಿದ್ದಿತು. ಸಾಲುಗಳಲ್ಲಿ ನಿಂತು ನಿಂತು ಬಳಲಿದ ತಾಯಂದಿರಿಂದ ಬರಬಹುದಾದ ಅಪಾಯವು ಶಾಸನಸಭೆಯ ವಾಗ್ಮಿಗಳಿಂದ ಬರಬಹುದಾದುದಕ್ಕಿಂತ ದೊಡ್ಡದೆಂದು ಅವರು ಆ ಚಳಿಗಾಲದಲ್ಲಿಯೇ ವರದಿ ಮಾಡಿದ್ದರು. ಆದರೆ ಎಚ್ಚರಿಕೆಯನ್ನು ಕೊಟ್ಟ ಅದೇ ಇಲಾಖೆಯು ಮಾಡಬಲ್ಲ ಕೆಲಸ ಒಂದೇ: ಮುಖಂಡರನ್ನು ಪಟ್ಟಿ ಮಾಡಿ ಹಿಡಿಯುವುದು. ರೊಟ್ಟಿಯ ಸಾಲನ್ನು ಹಿಡಿದು ಸೆರೆಮನೆಯಲ್ಲಿಡುವ ಉಪಾಯ ಯಾವ ಪೋಲೀಸಿಗೂ ಇಲ್ಲ.

ನಾಯಕನಿಲ್ಲದೆ ಕ್ರಾಂತಿ ಮೊದಲಾಗುವುದು ಹೇಗೆಂಬ ಪ್ರಶ್ನೆಗೆ ಮೊದಲ ಉತ್ತರ ಇಲ್ಲಿಯೇ ಇದೆ. ನಿರಂಕುಶ ಪ್ರಭುತ್ವವು ಸಂಘಗಳನ್ನು ಮುರಿದು, ಪತ್ರಿಕೆಗಳನ್ನು ಮುಚ್ಚಿ, ನಾಯಕರನ್ನು ದೇಶದ ಹೊರಗೋ ಸೆರೆಯ ಒಳಗೋ ಕಳುಹಿಸಿ ಯಶಸ್ವಿಯಾದಷ್ಟೂ, ಜನರ ಅಸಮಾಧಾನಕ್ಕೆ ಮುಖವೂ ವಿಳಾಸವೂ ಇಲ್ಲದಂತಾಗುತ್ತದೆ. ಅದು ಸಿಡಿಯುವಾಗ ಅದರೊಡನೆ ಸಂಧಾನ ಮಾಡಬಲ್ಲ ಮನುಷ್ಯನೂ ಉಳಿದಿರುವುದಿಲ್ಲ. 1905ರ ಜನವರಿ 9ರಂದು ಇದೇ ನಗರದಲ್ಲಿ ಪಾದ್ರಿ ಗಪೋನನು ಜನಸಮೂಹದ ಮುಂದೆ ನಡೆದು ಚಕ್ರವರ್ತಿಗೆ ಬಿನ್ನವತ್ತಳೆಯನ್ನು ಒಪ್ಪಿಸಲು ಹೊರಟಿದ್ದನು. ಅಂದು ನಾಯಕನಿದ್ದನು, ಪ್ರಾರ್ಥನೆಯಿದ್ದಿತು, ಕೇಳಿಕೊಳ್ಳುವುದಕ್ಕೆ ಅವಕಾಶವಿದ್ದಿತು. ಅದಕ್ಕೆ ಸಿಕ್ಕಿದ ಉತ್ತರ ಗುಂಡಿನ ಮಳೆ. ಹನ್ನೆರಡು ವರ್ಷಗಳ ಅನಂತರ ಬಂದ ಜನಕ್ಕೆ ಬಿನ್ನಹವೂ ಇರಲಿಲ್ಲ, ಬಿನ್ನಹವನ್ನು ಹಿಡಿದ ಪಾದ್ರಿಯೂ ಇರಲಿಲ್ಲ.

ಐದು ದಿನಗಳು

ರೊಟ್ಟಿಯ ಅಭಾವಕ್ಕೆ ಕಾರಣ ಕ್ಷಾಮವಲ್ಲ. ದೇಶದಲ್ಲಿ ಧಾನ್ಯವಿದ್ದಿತು, ಅದನ್ನು ತರುವ ರೈಲುಗಳು ಯುದ್ಧದ ಹೊರೆಯಿಂದಲೂ ಕಡುಚಳಿಯಿಂದಲೂ ಕೆಟ್ಟು ನಿಂತಿದ್ದುವು. ನಗರಕ್ಕೆ ಬಂದ ಹಿಟ್ಟನ್ನು ಬೇಯಿಸಲು ಒಲೆಗಳಿಗೆ ಉರುವಲು ಸಾಲುತ್ತಿರಲಿಲ್ಲ. ಇದರ ಮೇಲೆ, ರೊಟ್ಟಿಗೆ ಪಡಿತರ ಚೀಟಿ ಬರುವುದೆಂಬ ಸುದ್ದಿ ಹರಡಿ, ಇದ್ದಬದ್ದುದನ್ನೆಲ್ಲ ಕೊಂಡಿಡಲು ಜನ ಅಂಗಡಿಗಳಿಗೆ ಮುಗಿಬಿದ್ದರು. ಫೆಬ್ರವರಿ 22ರಂದು ಪುತಿಲೊವ್ ಶಸ್ತ್ರ ಕಾರ್ಖಾನೆಯ ಆಡಳಿತವು ಕೂಲಿಯ ವಿವಾದವೊಂದರಲ್ಲಿ ಬಾಗಿಲು ಹಾಕಿ ಸುಮಾರು 30,000 ಕೆಲಸಗಾರರನ್ನು ಬೀದಿಗೆ ಬಿಟ್ಟಿತು. ಅದೇ ದಿನ ಚಕ್ರವರ್ತಿಯು ರಾಜಧಾನಿಯನ್ನು ಬಿಟ್ಟು ಮೊಗಿಲೆವಿನ ಸೇನಾ ಕೇಂದ್ರಕ್ಕೆ ಹೊರಟನು. ಮರುದಿನ ಚಳಿಯೂ ಸ್ವಲ್ಪ ಇಳಿಯಿತು.

24ರಂದು ಮುಷ್ಕರ ಹೂಡಿದವರ ಸಂಖ್ಯೆ ಎರಡು ಲಕ್ಷದ ಸಮೀಪಕ್ಕೆ ಏರಿತು. ನಗರದ ಹೃದಯವಾದ ನೆವ್‌ಸ್ಕಿ ಬೀದಿಗೆ ಜನ ಬಾರದಂತೆ ಪೋಲೀಸರು ಸೇತುವೆಗಳನ್ನು ಕಟ್ಟಿ ನಿಂತರೆ, ಜನ ಹೆಪ್ಪುಗಟ್ಟಿದ ನದಿಯ ಮೇಲೆಯೇ ನಡೆದು ಬಂದರು. ಗುಂಪನ್ನು ಚದರಿಸಲು ಕೊಸಾಕ್ ಕುದುರೆಸವಾರರನ್ನು ಕಳುಹಿಸಲಾಯಿತು. ಚಾವಟಿಗೆ ಹೆಸರಾಗಿದ್ದ ಆ ಸವಾರರು ಗುಂಪಿನ ನಡುವೆ ಒಬ್ಬರ ಹಿಂದೊಬ್ಬರಾಗಿ, ಯಾರಿಗೂ ತಾಗದಂತೆ, ಕುದುರೆಗಳನ್ನು ನಡೆಸಿಕೊಂಡು ಹೋದರು. ಅವರಲ್ಲೊಬ್ಬನು ಜನರತ್ತ ನೋಡಿ ಕಣ್ಣುಮಿಟುಕಿಸಿದನೆಂಬುದನ್ನೂ ಕಯೂರೊವ್ ಬರೆದಿದ್ದಾನೆ. ಆ ಕಣ್ಣುಮಿಟುಕಿನ ಸುದ್ದಿ ಸಂಜೆಯೊಳಗೆ ಕಾರ್ಮಿಕರ ಕೇರಿಗಳಲ್ಲೆಲ್ಲ ಹರಡಿತು. ಯಾವ ಕರಪತ್ರವೂ ಮಾಡಲಾರದ ಕೆಲಸವನ್ನು ಅದು ಮಾಡಿತು.

25ರಂದು ನಗರವೇ ನಿಂತಿತು. ಅರಮನೆಯಲ್ಲಿದ್ದ ಸಾಮ್ರಾಜ್ಞಿ ಅಲೆಕ್ಸಾಂಡ್ರಾ ಪತಿಗೆ ಬರೆದ ಕಾಗದದಲ್ಲಿ, ಇದು ಪೋಕರಿಗಳ ಗದ್ದಲ, ಚಳಿ ಹೆಚ್ಚಿದ್ದರೆ ಇವರೆಲ್ಲ ಮನೆಯಲ್ಲಿಯೇ ಇರುತ್ತಿದ್ದರು ಎಂದು ಅಭಿಪ್ರಾಯಪಟ್ಟಳು. ರಾತ್ರಿ ಚಕ್ರವರ್ತಿಯಿಂದ ಸೇನಾಧಿಪತಿ ಖಬಾಲೊವನಿಗೆ ತಂತಿ ಬಂದಿತು: ಗಲಭೆಯನ್ನು ನಾಳೆಯೇ ಅಡಗಿಸತಕ್ಕದ್ದು. ಹೀಗಾಗಿ 26ರ ಭಾನುವಾರ ಸೈನಿಕರು ಗುಂಡು ಹಾರಿಸಿದರು. ಜ್ನಾಮೆನ್‌ಸ್ಕಯಾ ಚೌಕದಲ್ಲಿ ಹೆಣಗಳು ಉರುಳಿದುವು. ಅಂದು ಸಂಜೆ ಪಕ್ಷಗಳ ಕಾರ್ಯಕರ್ತರಲ್ಲಿ ಹಲವರು ಎಲ್ಲವೂ ಮುಗಿಯಿತೆಂದೇ ತಿಳಿದರು.

ಮುಗಿಯಲಿಲ್ಲ. ಚೌಕದಲ್ಲಿ ಗುಂಡು ಹಾರಿಸಿದ ವೊಲಿನ್‌ಸ್ಕಿ ದಳದ ಸೈನಿಕರು ರಾತ್ರಿ ತಮ್ಮ ಠಾಣ್ಯಕ್ಕೆ ಹಿಂದಿರುಗಿ, ತಾವು ಕೊಂದವರ ಮುಖಗಳನ್ನು ನೆನೆದು, ತಮ್ಮತಮ್ಮೊಳಗೆ ಮಾತನಾಡಿಕೊಂಡು, ನಾಳೆ ಗುಂಡು ಹಾರಿಸುವುದಿಲ್ಲವೆಂದು ತೀರ್ಮಾನಿಸಿದರು. ಅವರನ್ನು ಮುಂದೆ ನಿಂತು ಒಗ್ಗೂಡಿಸಿದವನು ಕಿರ್ಪಿಚ್ನಿಕೊವ್ ಎಂಬ ಸಾರ್ಜೆಂಟ್. ಅವನಿಗೆ ಹೀಗೆ ಮಾಡೆಂದು ಹೇಳಿದ ಪಕ್ಷವಾವುದೂ ಇಲ್ಲ. ಸೋಮವಾರ ಬೆಳಗ್ಗೆ ದಂಡನಾಯಕನು ಬಂದಾಗ ಸೈನಿಕರು ಆಜ್ಞೆಯನ್ನು ಮೀರಿ ಅವನನ್ನೇ ಕೊಂದು, ನೆರೆಯ ಠಾಣ್ಯಗಳಿಗೆ ನುಗ್ಗಿ ಅಲ್ಲಿಯವರನ್ನೂ ಕರೆದುಕೊಂಡು ಹೊರಟರು. ಕತ್ತಲಾಗುವ ಹೊತ್ತಿಗೆ ಹತ್ತಾರು ಸಾವಿರ ಸೈನಿಕರು ಜನರ ಕಡೆ ಸೇರಿದ್ದರು. ಆ ದಿನಗಳಲ್ಲಿ ಸತ್ತವರೂ ಗಾಯಗೊಂಡವರೂ ಸೇರಿ ಸುಮಾರು 1,400 ಮಂದಿಯೆಂದು ಲೆಕ್ಕವಿದೆ.

ಮೊದಲ ಹೆಜ್ಜೆಯ ಲೆಕ್ಕ

ಯಾರೂ ಕರೆಯದೆ ಇಷ್ಟು ಜನ ಹೇಗೆ ಸೇರುತ್ತಾರೆ? ಅಮೆರಿಕದ ಸಮಾಜಶಾಸ್ತ್ರಜ್ಞನಾದ ಮಾರ್ಕ್ ಗ್ರಾನೊವೆಟರ್ 1978ರಲ್ಲಿ ಪ್ರಕಟಿಸಿದ ಲೇಖನವೊಂದು ಈ ಪ್ರಶ್ನೆಯನ್ನು ಅತ್ಯಂತ ಸರಳವಾದ ಅಂಕಗಣಿತದಿಂದ ಬಿಡಿಸಲು ಯತ್ನಿಸುತ್ತದೆ. ಒಂದು ಚೌಕದಲ್ಲಿ 100 ಮಂದಿ ನಿಂತಿರುವರೆಂದು ಭಾವಿಸೋಣ. ಅವರಲ್ಲೊಬ್ಬನಿಗೆ ಮುಂದಡಿಯಿಡಲು ಯಾರ ಜೊತೆಯೂ ಬೇಕಿಲ್ಲ, ಎರಡನೆಯವನಿಗೆ ಒಬ್ಬನಾದರೂ ಮುಂದೆ ಹೋಗಿರಬೇಕು, ಮೂರನೆಯವನಿಗೆ ಇಬ್ಬರು, ನಾಲ್ಕನೆಯವನಿಗೆ ಮೂವರು, ಹೀಗೆಯೇ ನೂರನೆಯವನವರೆಗೆ. ಮೊದಲನೆಯವನು ಹೆಜ್ಜೆಯಿಟ್ಟೊಡನೆ ಎರಡನೆಯವನೂ, ಅವನನ್ನು ಕಂಡು ಮೂರನೆಯವನೂ ಸೇರುತ್ತ, ಕ್ಷಣಾರ್ಧದಲ್ಲಿ ನೂರು ಮಂದಿಯೂ ಹೊರಡುತ್ತಾರೆ. ಈಗ ಎರಡನೆಯವನನ್ನು ಮಾತ್ರ ತೆಗೆದು, ಇಬ್ಬರ ಜೊತೆ ಬೇಕೆನ್ನುವ ಮತ್ತೊಬ್ಬನನ್ನು ಅವನ ಜಾಗದಲ್ಲಿ ನಿಲ್ಲಿಸಿದರೆ, ಮೊದಲನೆಯವನು ಒಂಟಿಯಾಗಿ ಮುಂದೆ ಹೋಗುತ್ತಾನೆ, ಉಳಿದ ತೊಂಬತ್ತೊಂಬತ್ತು ಮಂದಿ ನಿಂತಲ್ಲಿಯೇ ನಿಲ್ಲುತ್ತಾರೆ. ಎರಡು ಗುಂಪುಗಳಿಗೂ ಇರುವ ಅಂತರ ಒಬ್ಬನೇ ಮನುಷ್ಯ. ಆದರೆ ಮರುದಿನದ ಪತ್ರಿಕೆಯಲ್ಲಿ ಒಂದು ಊರಿನದು ದಂಗೆಯೆಂದೂ ಮತ್ತೊಂದು ಊರಿನದು ಹುಚ್ಚನೊಬ್ಬನ ಚೇಷ್ಟೆಯೆಂದೂ ಅಚ್ಚಾಗುತ್ತದೆ.

ಅರ್ಥಶಾಸ್ತ್ರಜ್ಞ ತಿಮೂರ್ ಕುರಾನ್ ಈ ವಿಚಾರವನ್ನು ಮುಂದುವರಿಸಿ, 1989ರಲ್ಲಿ ಬರೆದ ಪ್ರಬಂಧದಲ್ಲಿ ಫ್ರಾನ್ಸಿನ 1789, ರಷ್ಯದ 1917, ಇರಾನಿನ 1979, ಈ ಮೂರು ಕ್ರಾಂತಿಗಳೂ ಸಮಕಾಲೀನರಿಗೆ ಅನಿರೀಕ್ಷಿತವಾಗಿ ಬಂದುದೇಕೆಂದು ಪರಿಶೀಲಿಸಿದನು. ಭಯವಿರುವ ನಾಡಿನಲ್ಲಿ ಮನುಷ್ಯನು ಮನಸ್ಸಿನಲ್ಲಿ ಒಂದನ್ನೂ ಬಾಯಲ್ಲಿ ಮತ್ತೊಂದನ್ನೂ ಇಟ್ಟುಕೊಂಡು ಬದುಕುತ್ತಾನೆ. ನೆರೆಯವನೂ ಹಾಗೆಯೇ ಬದುಕುವುದರಿಂದ, ಸರ್ಕಾರವನ್ನು ದ್ವೇಷಿಸುವವನು ತಾನೊಬ್ಬನೇ ಎಂದು ಪ್ರತಿಯೊಬ್ಬನೂ ತಿಳಿದಿರುವ ವಿಚಿತ್ರ ಸ್ಥಿತಿ ಏರ್ಪಡುತ್ತದೆ. ಪ್ರಭುತ್ವದ ಬಲವೆಲ್ಲ ಈ ತಪ್ಪು ತಿಳಿವಳಿಕೆಯ ಮೇಲೆ ನಿಂತಿರುತ್ತದೆ. ಅದನ್ನು ಒಡೆಯಲು ನಾಯಕನ ಭಾಷಣ ಬೇಕಿಲ್ಲ. ತನ್ನಂತೆಯೇ ಇನ್ನೂ ಹಲವರಿದ್ದಾರೆಂಬುದನ್ನು ಪ್ರತಿಯೊಬ್ಬನೂ ಕಣ್ಣಾರೆ ಕಂಡರೆ ಸಾಕು. ಅದೇ 1989ರ ಅಕ್ಟೋಬರ್ 9ರಂದು ಪೂರ್ವ ಜರ್ಮನಿಯ ಲೈಪ್‌ಜಿಗ್ ನಗರದಲ್ಲಿ, ಸೇಂಟ್ ನಿಕೊಲಸ್ ದೇವಾಲಯದ ಸೋಮವಾರದ ಪ್ರಾರ್ಥನೆಯಿಂದ ಹೊರಬಂದವರೊಡನೆ ಸುಮಾರು 70,000 ಜನ ಸೇರಿ ನಡೆದಾಗ ಕಂಡುದು ಇದನ್ನೇ. ಯಾರ ಅಪ್ಪಣೆಯೂ ಇಲ್ಲದೆ, ವಾರ ವಾರವೂ ಅದೇ ವೇಳೆಗೆ ಅದೇ ಬೀದಿಯಲ್ಲಿ ಸೇರುವ ರೂಢಿಯೊಂದೇ ಅವರ ಸಂಘಟನೆಯಾಗಿದ್ದಿತು.

ಈ ಬೆಳಕಿನಲ್ಲಿ ನೋಡಿದರೆ ರೊಟ್ಟಿಯ ಸಾಲಿನ ಮಹತ್ವ ತಿಳಿಯುತ್ತದೆ. ಸಭೆಗಳು ನಿಷಿದ್ಧವಾಗಿದ್ದ ನಗರದಲ್ಲಿ ಸರ್ಕಾರವು ತಾನೇ ಅನುಮತಿಸಿದ ಏಕೈಕ ಸಭೆ ಅದು. ದಿನವೂ ಅದೇ ಹೆಂಗಸರು, ಅದೇ ಸ್ಥಳದಲ್ಲಿ, ಅದೇ ಕಷ್ಟವನ್ನು ಗಟ್ಟಿಯಾಗಿ ಆಡಿಕೊಳ್ಳುತ್ತಿದ್ದರು; ಯಾರ ಮನಸ್ಸಿನಲ್ಲಿ ಏನಿದೆಯೆಂಬುದು ಅಲ್ಲಿ ಯಾರಿಗೂ ಗುಟ್ಟಾಗಿರಲಿಲ್ಲ. ಲೇಖಕರೂ ವಕೀಲರೂ ಊಹಿಸುತ್ತ ಕುಳಿತಿದ್ದ ಸಂಗತಿಯನ್ನು ಈ ಹೆಂಗಸರು ಪ್ರತ್ಯಕ್ಷವಾಗಿ ಬಲ್ಲವರಾಗಿದ್ದರು.

ಹೆಸರಿಲ್ಲದ ಮುಂದಾಳುಗಳು

ಆದರೂ ಇಷ್ಟಕ್ಕೇ ನಿಂತರೆ ವಿಷಯಕ್ಕೆ ಅನ್ಯಾಯವಾಗುತ್ತದೆ. ಜನ ತಾವಾಗಿಯೇ ಎದ್ದರೆಂಬ ಮಾತಿನಲ್ಲಿ, ಜನಕ್ಕೆ ಬುದ್ಧಿಯೂ ಅನುಭವವೂ ಇರಲಿಲ್ಲ, ಹಸಿವೊಂದೇ ಅವರನ್ನು ನಡೆಸಿತು ಎಂಬ ಅವಹೇಳನವೂ ಅಡಗಿರಬಹುದು. ಟ್ರಾಟ್ಸ್ಕಿಯು ತಾನು ಬರೆದ ಕ್ರಾಂತಿಯ ಚರಿತ್ರೆಯಲ್ಲಿ ಫೆಬ್ರವರಿಯ ಬಂಡಾಯವನ್ನು ನಡೆಸಿದವರಾರೆಂದು ಒಂದು ಅಧ್ಯಾಯವನ್ನೇ ಬರೆದು, ಹಿಂದಿನ ಹೋರಾಟಗಳಲ್ಲಿ ಪಳಗಿದ, ಬಹುಮಟ್ಟಿಗೆ ಲೆನಿನ್ನನ ಪಕ್ಷದಿಂದ ಶಿಕ್ಷಣ ಪಡೆದ ಕಾರ್ಮಿಕರು ಎಂದು ಉತ್ತರವಿತ್ತನು. ಪಕ್ಷದ ಪಾಲಿಗೆ ಅವನು ಕೊಟ್ಟ ಕೀರ್ತಿ ಹೆಚ್ಚಾಯಿತೆಂದು ನನಗೆ ತೋರುತ್ತದೆ. ಪಳಗಿದವರೆಂಬ ಮಾತು ಮಾತ್ರ ಸತ್ಯ.

ವೀಬೋರ್ಗಿನ ಲೋಹದ ಕೆಲಸಗಾರರಲ್ಲಿ ಹಲವರು 1905ರ ಕ್ರಾಂತಿಯನ್ನು ಕಂಡವರು. 1912ರಿಂದ 1914ರವರೆಗಿನ ಮುಷ್ಕರಗಳಲ್ಲಿ ನಿಂತವರು. ಯಾವ ಕಾರ್ಖಾನೆಯಿಂದ ಹೊರಟರೆ ಯಾವ ಕಾರ್ಖಾನೆಯವರು ಜೊತೆಗೂಡುವರು, ಕುದುರೆ ನುಗ್ಗಿದಾಗ ಹೇಗೆ ಸರಿಯಬೇಕು, ಸೈನಿಕನೊಡನೆ ಹೇಗೆ ಮಾತನಾಡಬೇಕು ಎಂಬುದನ್ನು ಅವರು ಯಾವ ಪುಸ್ತಕದಿಂದಲೂ ಕಲಿತಿರಲಿಲ್ಲ. ಸೈನಿಕರ ಬಂದೂಕುಗಳ ಮುಂದೆ ನಿಂತು, ನನ್ನ ಗಂಡನೂ ನಿಮ್ಮ ಹಾಗೆ ಯುದ್ಧದಲ್ಲಿದ್ದಾನೆ, ನೀವು ಯಾರ ಮೇಲೆ ಗುಂಡು ಹಾರಿಸುತ್ತೀರಿ ಎಂದು ಕೇಳುವ ಧೈರ್ಯವು ಹೆಂಗಸರಿಗೆ ಇದ್ದಿತು. ಆ ಪ್ರಶ್ನೆಯನ್ನು ಅಷ್ಟು ನೇರವಾಗಿ ಕೇಳುವ ಅಧಿಕಾರ ಅವರಷ್ಟು ಬೇರೆ ಯಾರಿಗೂ ಇರಲಿಲ್ಲ. ಆದುದರಿಂದ ನಾಯಕನಿಲ್ಲದ ಕ್ರಾಂತಿಯೆಂಬ ಮಾತಿಗೆ ನಾನು ಕೊಡುವ ಅರ್ಥವಿಷ್ಟು: ಅಲ್ಲಿ ಒಬ್ಬ ನಾಯಕನ ಬದಲಿಗೆ ಸಾವಿರ ಮುಂದಾಳುಗಳಿದ್ದರು, ಒಬ್ಬೊಬ್ಬರ ಮುಂದಾಳುತನವೂ ಒಂದು ಬೀದಿಯ ಉದ್ದದಷ್ಟು, ಒಂದು ಗಂಟೆಯ ಅವಧಿಯಷ್ಟು ಮಾತ್ರವಿದ್ದಿತು. ಅವರ ಹೆಸರುಗಳನ್ನು ಬರೆದಿಡುವವರು ಪಕ್ಕದಲ್ಲಿರಲಿಲ್ಲ.

ಟುನೀಸಿಯದಲ್ಲಿಯೂ ನಡೆದುದು ಹೀಗೆಯೇ. 2010ರ ಡಿಸೆಂಬರ್ 17ರಂದು ಸಿದಿ ಬೂಜಿದ್ ಎಂಬ ಸಣ್ಣ ಪಟ್ಟಣದಲ್ಲಿ ತಳ್ಳುಗಾಡಿಯ ವ್ಯಾಪಾರಿ ಮೊಹಮ್ಮದ್ ಬುವಾಜೀಜಿ ತನಗೆ ತಾನೇ ಬೆಂಕಿ ಹಚ್ಚಿಕೊಂಡನು. ಜನವರಿ 14ಕ್ಕೆ, 23 ವರ್ಷ ಆಳಿದ ಅಧ್ಯಕ್ಷ ಬೆನ್ ಅಲಿ ದೇಶ ಬಿಟ್ಟು ಓಡಿದನು. ನಾಯಕರಿಲ್ಲದ ಕ್ರಾಂತಿಯೆಂದು ಜಗತ್ತೆಲ್ಲ ಬಣ್ಣಿಸಿದ ಈ ಘಟನೆಯ ಒಳಗೆ ಕಾರ್ಮಿಕ ಒಕ್ಕೂಟದ ಊರೂರಿನ ಶಾಖೆಗಳ ಕಾರ್ಯಕರ್ತರು ಇದ್ದರು. ಅವರ ಮೇಲಿನ ಮುಖಂಡರು ಇನ್ನೂ ಹಿಂದುಮುಂದು ನೋಡುತ್ತಿದ್ದಾಗಲೇ ಅವರು ತಮ್ಮ ಕಚೇರಿಗಳ ಬಾಗಿಲನ್ನು ಜನಕ್ಕೆ ತೆರೆದಿದ್ದರು.

ಆಗಸ್ಟ್ 9ರ ಬೆಳಗ್ಗೆ

ಕನ್ನಡಿಗರಾದ ನಮಗೆ ಇದು ದೂರದ ಕಥೆಯೇನೂ ಅಲ್ಲ. 1942ರ ಆಗಸ್ಟ್ 8ರ ರಾತ್ರಿ ಮುಂಬಯಿಯ ಗೊವಾಲಿಯ ಟ್ಯಾಂಕ್ ಮೈದಾನದಲ್ಲಿ ಕಾಂಗ್ರೆಸ್ಸು ‘ಭಾರತ ಬಿಟ್ಟು ತೊಲಗಿ’ ನಿರ್ಣಯವನ್ನು ಅಂಗೀಕರಿಸಿತು. ಬೆಳಗಾಗುವುದರೊಳಗೆ ಗಾಂಧೀಜಿಯವರನ್ನೂ ಕಾರ್ಯಕಾರಿ ಸಮಿತಿಯವರನ್ನೂ ಸರ್ಕಾರ ಬಂಧಿಸಿತು. ಗಾಂಧೀಜಿಯವರನ್ನು ಪುಣೆಯ ಆಗಾಖಾನ್ ಅರಮನೆಯಲ್ಲಿಯೂ, ಇತರ ಹಿರಿಯರಲ್ಲಿ ಹೆಚ್ಚಿನವರನ್ನು ಅಹಮದ್‌ನಗರದ ಕೋಟೆಯಲ್ಲಿಯೂ ಇರಿಸಲಾಯಿತು. ತಲೆಯನ್ನು ಕಡಿದರೆ ದೇಹ ಬೀಳುವುದೆಂಬುದು ಸರ್ಕಾರದ ಎಣಿಕೆ. ಆದರೆ ಆ ನಿರ್ಣಯದಲ್ಲಿಯೇ, ಸೂಚನೆಗಳನ್ನು ಕೊಡಲು ಸಾಧ್ಯವಾಗದ ಕಾಲ ಬಂದರೆ ಪ್ರತಿಯೊಬ್ಬ ಸ್ತ್ರೀಪುರುಷನೂ ತನಗೆ ತಾನೇ ಮಾರ್ಗದರ್ಶಕನಾಗಿ ನಡೆಯಬೇಕೆಂಬ ಅಭಿಪ್ರಾಯವು ಸೇರಿದ್ದಿತು. ನಾಯಕರು ತಮ್ಮ ಗೈರುಹಾಜರಿಯನ್ನು ಮುಂಗಂಡು ಬರೆದ ಇಂಥ ಮಾತು ಚರಿತ್ರೆಯಲ್ಲಿ ಅಪರೂಪ.

ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನ ಈಸೂರಿನ ಜನ ಆ ಮಾತನ್ನು ಅಕ್ಷರಶಃ ನಡೆಸಿದರು. ಸೆಪ್ಟೆಂಬರ್ ತಿಂಗಳಲ್ಲಿ ತಮ್ಮ ಹಳ್ಳಿಯನ್ನು ಸ್ವತಂತ್ರವೆಂದು ಸಾರಿ, ಕಂದಾಯ ಕೊಡೆವೆಂದು ನಿಂತು, ತಮ್ಮದೇ ಆದ ಆಡಳಿತವನ್ನು ಏರ್ಪಡಿಸಿಕೊಂಡರು. ಅದನ್ನು ಅಡಗಿಸಲು ಪೋಲೀಸರೊಡನೆ ಬಂದ ಅಮಲ್ದಾರರೂ ಸಬ್ ಇನ್‌ಸ್ಪೆಕ್ಟರರೂ ಘರ್ಷಣೆಯಲ್ಲಿ ಸತ್ತರು. ಅನಂತರ ಬಂದ ಸೈನ್ಯದ ಕೈಯಲ್ಲಿ ಊರು ಪಟ್ಟ ಪಾಡು ಹೇಳತೀರದು. ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ, ಶಂಕರಪ್ಪ ಎಂಬ ಐವರನ್ನು 1943ರ ಮಾರ್ಚಿನಲ್ಲಿ ಗಲ್ಲಿಗೇರಿಸಲಾಯಿತು. ಅವರು ಯಾರೂ ದೇಶವು ಅಲ್ಲಿಯವರೆಗೆ ಹೆಸರು ಕೇಳಿದ್ದ ಮುಖಂಡರಲ್ಲ.

ಅಧಿಕಾರ ಯಾರ ಕೈಗೆ?

ನಾಯಕನಿಲ್ಲದಿರುವುದು ಕ್ರಾಂತಿಯ ಆರಂಭಕ್ಕೆ ಬಲ. ಹಿಡಿಯಲು, ಹೆದರಿಸಲು, ಕೊಳ್ಳಲು ಯಾರೂ ಸಿಕ್ಕುವುದಿಲ್ಲ. ಆದರೆ ಪ್ರಭುತ್ವ ಬಿದ್ದ ಮರುಗಳಿಗೆಯಲ್ಲಿ ಅದೇ ದೌರ್ಬಲ್ಯವಾಗುತ್ತದೆ. ಬೀಳಿಸಿದವರಿಗೆ ಕುಳಿತು ಆಳುವ ಸಿದ್ಧತೆಯಿರುವುದಿಲ್ಲ, ಸಿದ್ಧತೆಯಿದ್ದವರು ಬೀಳಿಸಿದವರಾಗಿರುವುದಿಲ್ಲ.

ಪೆಟ್ರೊಗ್ರಾಡಿನ ತವ್ರೀದಾ ಅರಮನೆಯಲ್ಲಿ ಫೆಬ್ರವರಿ 27ರ ಸಂಜೆ ಇದು ಕಣ್ಣಿಗೆ ಕಟ್ಟುವಂತೆ ಕಾಣಿಸಿತು. ಒಂದು ಪಾರ್ಶ್ವದಲ್ಲಿ ಡೂಮಾ ಎಂಬ ಶಾಸನಸಭೆಯ ಸದಸ್ಯರು ತಾತ್ಕಾಲಿಕ ಸಮಿತಿಯನ್ನು ರಚಿಸಿಕೊಂಡರು. ಮತ್ತೊಂದು ಪಾರ್ಶ್ವದಲ್ಲಿ ಕಾರ್ಮಿಕರ ಪ್ರತಿನಿಧಿಗಳ ಸೋವಿಯತ್ತು ಸೇರಿತು. ಸೋವಿಯತ್ತಿನ ಮಾದರಿ 1905ರದು, ಜನರ ನೆನಪಿನಿಂದ ಬಂದುದು. ಆದರೆ ಅದರ ಕಾರ್ಯಸಮಿತಿಯಲ್ಲಿ ಕುಳಿತವರಲ್ಲಿ ಬಹುಮಂದಿ ಸಮಾಜವಾದಿ ವಿದ್ಯಾವಂತರು. ಬೀದಿಯೂ ಸೈನ್ಯವೂ ತಮ್ಮ ಮಾತು ಕೇಳುತ್ತಿದ್ದರೂ ಅಧಿಕಾರವನ್ನು ವಹಿಸಿಕೊಳ್ಳಲು ಅವರು ಹಿಂಜರಿದು, ಅದನ್ನು ಡೂಮಾದವರಿಗೆ ಬಿಟ್ಟುಕೊಟ್ಟರು. ಮಾರ್ಚ್ 2ರಂದು ಹೊಸ ಸರ್ಕಾರದ ಮಂತ್ರಿಗಳ ಹೆಸರನ್ನು ಡೂಮಾದ ಮುಖಂಡ ಮಿಲ್ಯುಕೊವ್ ಜನರ ಮುಂದೆ ಓದಿದಾಗ, ನಿಮ್ಮನ್ನು ಆರಿಸಿದವರಾರು ಎಂದು ಗುಂಪಿನಿಂದ ಪ್ರಶ್ನೆ ಬಂದಿತು. ರಷ್ಯದ ಕ್ರಾಂತಿಯೇ ತಮ್ಮನ್ನು ಆರಿಸಿತೆಂದು ಆತನು ಉತ್ತರಿಸಿದನು. ಯಾರೂ ಮುಂದೆ ನಿಂತು ನಡೆಸದ ಕ್ರಾಂತಿಯ ಹೆಸರಿನಲ್ಲಿ ಯಾರು ಬೇಕಾದರೂ ಮಾತನಾಡಬಹುದಾಗಿದ್ದಿತು.

ಹೀಗೆ ಎರಡು ಅಧಿಕಾರಗಳು ಒಂದೇ ಮಾಡಿನ ಕೆಳಗೆ ಬೆಳೆದುವು. ಯುದ್ಧ ನಿಲ್ಲಲಿಲ್ಲ, ಭೂಮಿಯ ಪ್ರಶ್ನೆ ಬಗೆಹರಿಯಲಿಲ್ಲ, ರೊಟ್ಟಿಯ ಸಾಲುಗಳು ಕರಗಲಿಲ್ಲ. ಏಪ್ರಿಲ್ 3ರಂದು ಲೆನಿನ್ ಬಂದಿಳಿದನು. ತನಗೆ ಬೇಕಾದುದೇನೆಂಬುದು ಸ್ಪಷ್ಟವಾಗಿ ತಿಳಿದಿದ್ದ, ಶಿಸ್ತುಳ್ಳ ಪಕ್ಷವೊಂದು, ಚಕ್ರವರ್ತಿಯ ಪ್ರಭುತ್ವ ಬಿದ್ದು ಎಂಟು ತಿಂಗಳು ಕಳೆಯುವುದರೊಳಗೆ, ಅಕ್ಟೋಬರ್ 25ರಂದು, ಅಧಿಕಾರವನ್ನು ಕೈಗೆತ್ತಿಕೊಂಡಿತು.

ಅನಂತರ ಸೇರಿಸಿದ ಹೆಸರುಗಳು

ನಾಯಕನಿಲ್ಲದ ಕ್ರಾಂತಿಯನ್ನು ನಂಬಲು ಅಧಿಕಾರದಲ್ಲಿರುವವರಿಗೆ ಮನಸ್ಸು ಬಾರದು. ದಂಗೆಯನ್ನು ಅಡಗಿಸಿದ ಸರ್ಕಾರಕ್ಕೆ ಅಪರಾಧಿಯೊಬ್ಬನು ಬೇಕು; ಕ್ರಾಂತಿಯಿಂದ ಹುಟ್ಟಿದ ಸರ್ಕಾರಕ್ಕೆ ಪೂರ್ವಜನೊಬ್ಬನು ಬೇಕು. 1943ರ ಫೆಬ್ರವರಿಯಲ್ಲಿ ಭಾರತದ ಬ್ರಿಟಿಷ್ ಸರ್ಕಾರವು ಪುಸ್ತಕವೊಂದನ್ನು ಪ್ರಕಟಿಸಿ, ಆಗಸ್ಟಿನ ಅನಂತರ ನಡೆದ ಘಟನೆಗಳಿಗೆಲ್ಲ ಗಾಂಧೀಜಿಯವರೂ ಕಾಂಗ್ರೆಸ್ಸೂ ಹೊಣೆಯೆಂದು ವಾದಿಸಿತು. ಸೆರೆಯಲ್ಲಿದ್ದ ಗಾಂಧೀಜಿಯವರು ವೈಸ್‌ರಾಯರಿಗೆ ಬರೆದ ಕಾಗದಗಳಲ್ಲಿ ಆ ಆರೋಪವನ್ನು ಅಲ್ಲಗಳೆದು, ಅದೇ ತಿಂಗಳ 10ರಂದು 21 ದಿನಗಳ ಉಪವಾಸವನ್ನು ಕೈಗೊಂಡರು. ಕೋಟಿಗಟ್ಟಲೆ ಜನ ತಮ್ಮ ವಿವೇಚನೆಯಿಂದಲೇ ಹೀಗೆ ನಡೆದರೆಂದು ಒಪ್ಪಿದ್ದರೆ, ಆ ಜನರನ್ನು ಆಳುವ ಹಕ್ಕು ತನಗಿದೆಯೆಂದು ಹೇಳುವುದಕ್ಕೆ ಆ ಸರ್ಕಾರದ ಬಳಿ ಏನೂ ಉಳಿಯುತ್ತಿರಲಿಲ್ಲ.

ರಷ್ಯದಲ್ಲಿ ನಡೆದುದು ಇದರ ಮತ್ತೊಂದು ಮುಖ. 1938ರಲ್ಲಿ ಸ್ಟಾಲಿನ್ನನ ಕಾಲದ ಪಕ್ಷವು ಹೊರಡಿಸಿದ ಅಧಿಕೃತ ಸಂಕ್ಷಿಪ್ತ ಚರಿತ್ರೆಯು ಫೆಬ್ರವರಿಯ ಬೀದಿಗಳಲ್ಲಿಯೂ ಬೊಲ್ಷೆವಿಕರೇ ಮುಂದಿದ್ದು ನಡೆಸಿದರೆಂದು ಬರೆದು, ಶಾಲೆಗಳಿಗೆಲ್ಲ ಅದನ್ನೇ ಪಾಠವಾಗಿ ಕೊಟ್ಟಿತು. ತಾಳಿರಿ ಎಂದು ಬೋಧಿಸಿದ ಕಯೂರೊವನ ಸಾಕ್ಷ್ಯಕ್ಕೆ ಆ ಪುಸ್ತಕದಲ್ಲಿ ಸ್ಥಳವಿರಲಿಲ್ಲ. ಸ್ಟಾಲಿನ್ ಸತ್ತ ಅನಂತರ, ಚರಿತ್ರೆಯ ಪತ್ರಿಕೆಯೊಂದರ ಉಪಸಂಪಾದಕನಾಗಿದ್ದ ಎದ್ವಾರ್ದ್ ಬುರ್ಜಾಲೊವ್ ಎಂಬ ವಿದ್ವಾಂಸನು 1956ರಲ್ಲಿ, ಆ ದಿನಗಳ ಪಕ್ಷದ ನಡತೆಯನ್ನು ದಾಖಲೆಗಳ ಆಧಾರದಿಂದ ಮರುಪರೀಕ್ಷಿಸಿ ಲೇಖನ ಬರೆದನು. ಮರುವರ್ಷವೇ ಅವನನ್ನು ಆ ಸ್ಥಾನದಿಂದ ತೆಗೆಯಲಾಯಿತು. ಅವನು ಕೆಲಸವನ್ನು ಬಿಡಲಿಲ್ಲ. ಪೆಟ್ರೊಗ್ರಾಡಿನ ಬಂಡಾಯವನ್ನು ದಿನದಿನದ ವಿವರಗಳೊಡನೆ, ಎಲ್ಲ ಪಕ್ಷಗಳವರಿಗೂ ಯಾವ ಪಕ್ಷಕ್ಕೂ ಸೇರದ ಜನಕ್ಕೂ ಸಲ್ಲಬೇಕಾದುದನ್ನು ಸಲ್ಲಿಸಿ ಅವನು ಬರೆದ ಗ್ರಂಥವು ಅಚ್ಚಾಗಿ ಹೊರಬಂದುದು 1967ರಲ್ಲಿ, ಕ್ರಾಂತಿ ನಡೆದು ಐವತ್ತು ವರ್ಷಗಳಾದ ಮೇಲೆ.